ಸಣ್ಣ ಕ್ರೂಸರ್ ಬೋಟಿಗೆ ಯಾವ ಲಂಗರು? ಕಾರವಾರದಲ್ಲಿ ನಮ್ಮದು ಜಾರಿಬಿಟ್ಟಿತು

ಕರಿಮಣ್ಣು_ಕಲಬುರಗಿ

ಎಲ್ಲರಿಗೂ ನಮಸ್ಕಾರ. ಊರು ಕಲಬುರಗಿ, ಬೋಟು ಕಾರವಾರದಲ್ಲಿ. ನಾನು ಮತ್ತು ಇಬ್ಬರು ಗೆಳೆಯರು ಸೇರಿ ಹಳೆಯದೊಂದು 26 ಅಡಿಯ ಹಾಯಿ ಕ್ರೂಸರ್ ತೆಗೆದುಕೊಂಡು ಒಂದೂವರೆ ವರ್ಷ ಆಯಿತು. ತೂಕ ಎರಡೂವರೆ ಟನ್, ಸಣ್ಣ ಡೀಸೆಲ್ ಎಂಜಿನ್ ಇದೆ, ಒಳಗೆ ನಾಲ್ಕು ಜನ ಮಲಗಬಹುದು. ರಜೆ ಸಿಕ್ಕರೆ ರಾತ್ರಿ ಬಸ್ಸಿಗೆ ಹೊರಟುಬಿಡುತ್ತೇವೆ. ಹಾಯಿ ಹಿಡಿಯುವುದು, ಬೋಟು ನಡೆಸುವುದು ಒಂದಿಷ್ಟು ಕೈಗೆ ಹತ್ತಿದೆ. ಲಂಗರು ಅಂದರೆ ಮಾತ್ರ ಈಗ ಭಯ.

ಜನವರಿಯಲ್ಲಿ ಹೀಗಾಯಿತು. ಬೆಳಗ್ಗೆ ಗಾಳಿಯೇ ಇರಲಿಲ್ಲ. ಕಾರವಾರದ ಹತ್ತಿರದ ಒಂದು ಕೊಲ್ಲಿಯಲ್ಲಿ 4 ಮೀಟರ್ ನೀರು ನೋಡಿ ಲಂಗರು ಬಿಟ್ಟೆವು. ಆಗ ಇಳಿತ ಇತ್ತು. ಎರಡು ಮೀಟರ್ ಚೈನು, ಅದಕ್ಕೆ ಹಗ್ಗ, ಎಲ್ಲ ಸೇರಿ 15 ಮೀಟರ್ ಬಿಟ್ಟು ಕಟ್ಟಿದೆವು. ಬೋಟು ನಿಂತಿತು, ನಾವು ಊಟ ಮಾಡಿ ಸ್ವಲ್ಪ ಮಲಗಿದೆವು. ಎರಡು ಗಂಟೆಯ ಹೊತ್ತಿಗೆ ವಾಯವ್ಯದ ಗಾಳಿ ಎದ್ದಿದೆ, ನೀರೂ ಏರಿದೆ. ಎಚ್ಚರ ಆದಾಗ ನಾವು ಬಿಟ್ಟ ಜಾಗದಿಂದ ಇನ್ನೂರು ಮೀಟರ್ ದೂರ, ದಡದ ಬಂಡೆಗಳು ಎದುರಿಗೇ ಇದ್ದವು. ಎಂಜಿನ್ ಮೊದಲ ಸಲಕ್ಕೇ ಶುರುವಾಯಿತು, ಅದಕ್ಕೇ ಉಳಿದೆವು. ಲಂಗರು ಎತ್ತುವಾಗ ಯಾವುದೋ ಕಲ್ಲಿಗೆ ಸಿಕ್ಕಿ ಅದರ ದಂಡ ಬಾಗಿತು. ನೇಗಿಲಿನ ಆಕಾರದ ಹಳೆಯ ಲಂಗರು ಅದು, 7 ಕೆ.ಜಿ., ಬೋಟಿನ ಜೊತೆಗೇ ಬಂದದ್ದು.

ಬಾಗಿದ ಲಂಗರನ್ನು ಊರಿಗೆ ತಂದಿಟ್ಟಿದ್ದೇನೆ. ಇಲ್ಲೇ ವೆಲ್ಡಿಂಗ್ ಅಂಗಡಿಯಲ್ಲಿ ಕಾಯಿಸಿ ನೆಟ್ಟಗೆ ಮಾಡಿಸಬಹುದಾ? ಅಥವಾ ಹೊಸದು ಕೊಳ್ಳಬೇಕಾ? ಕೊಳ್ಳುವುದಾದರೆ 20 ಕೆ.ಜಿ.ಯದ್ದು ತೆಗೆದುಕೊಳ್ಳಿ, ಭಾರ ಇದ್ದರೆ ಅಲ್ಲಾಡುವುದಿಲ್ಲ ಅಂತ ಒಬ್ಬರು ಹೇಳಿದರು. ಅಷ್ಟು ಭಾರವನ್ನು ದಿನಾ ಕೈಯಲ್ಲಿ ಎತ್ತುವುದು ಆಗದ ಮಾತು. ಅದಕ್ಕಿಂತ ಮುಖ್ಯ, ಮುಂದಿನ ಸೀಸನ್‌ನಲ್ಲಿ ರಾತ್ರಿ ಬೋಟಿನಲ್ಲೇ ಉಳಿಯಬೇಕು ಅಂತಿದ್ದೇವೆ. ಲಂಗರು ಹಿಡಿದಿದೆ ಅಂತ ನಂಬಿ ನಿದ್ದೆ ಮಾಡೋದು ಹೇಗೆ?

ಹಳೆ_ನಾವಿಕ_ಬೀದರ್

ಬಂಡೆಗೆ ತಾಗದೆ ಉಳಿದಿರಿ, ಅದು ದೊಡ್ಡದು. ಮೊದಲು ಸಣ್ಣ ಪ್ರಶ್ನೆಗೆ ಉತ್ತರ: ನೆಟ್ಟಗೆ ಮಾಡಿಸಬೇಡಿ. ಒಮ್ಮೆ ಬಾಗಿದ ಕಬ್ಬಿಣವನ್ನು ಕಾಯಿಸಿ ಬಡಿದರೆ ನೋಡೋಕೆ ನೆಟ್ಟಗಾಗುತ್ತದೆ, ಮೊದಲಿನ ಗಟ್ಟಿತನ ಬರುವುದಿಲ್ಲ. ಮೇಲಿನ ಸತುವಿನ ಲೇಪವೂ ಸುಟ್ಟುಹೋಗುತ್ತದೆ, ಆಮೇಲೆ ಉಪ್ಪುನೀರಿನಲ್ಲಿ ತುಕ್ಕು ಹಿಡಿಯೋಕೆ ಬಹಳ ದಿನ ಬೇಕಾಗಲ್ಲ. ನಾಲ್ಕು ಜನರ ಜೀವ ಅದರ ಮೇಲಿರುತ್ತದೆ.

ಈಗ ದೊಡ್ಡ ಮಾತು. ಅವತ್ತು ನಿಮ್ಮ ಕೈಯಲ್ಲಿ ಯಾವ ಲಂಗರು ಇದ್ದರೂ ಜಾರುತ್ತಿತ್ತು. ಲೆಕ್ಕ ನೋಡಿ. ನೀರು 4 ಮೀಟರ್, ನೀರಿನಿಂದ ಬೋಟಿನ ಮೂತಿಯ ಎತ್ತರ ಒಂದು ಮೀಟರ್ ಅಂತ ಹಿಡಿಯೋಣ. ಒಟ್ಟು 5. ನೀವು ಬಿಟ್ಟದ್ದು 15, ಅಂದರೆ ಮೂರು ಪಟ್ಟು. ಗಾಳಿ ಇಲ್ಲದ ಹೊತ್ತಿನಲ್ಲಿ, ಎಚ್ಚರ ಇದ್ದು ಊಟ ಮುಗಿಸಿ ಹೊರಡುವುದಕ್ಕೆ ಅಷ್ಟು ಸಾಕು. ಆಮೇಲೆ ಭರತ ಬಂತು, ಒಂದೂವರೆ ಮೀಟರ್ ಏರಿತು ಅಂದುಕೊಳ್ಳಿ. 5 ಇದ್ದದ್ದು ಆರೂವರೆ ಆಯಿತು. ಹಗ್ಗ ಅಷ್ಟೇ ಇದೆ. ಈಗ ಎರಡೂ ಕಾಲು ಪಟ್ಟು ಮಾತ್ರ. ಅದೇ ಹೊತ್ತಿಗೆ ಗಾಳಿಯೂ ಎದ್ದಿತು.

ನಿಮ್ಮ ಮನೆಯಲ್ಲಿ ಹೊಲ ಇದ್ದರೆ ಹಿರಿಯರನ್ನು ಕೇಳಿ ನೋಡಿ. ಮರದ ನೇಗಿಲು ಇನ್ನಷ್ಟು ಆಳ ಹೋಗಬೇಕು ಅಂದರೆ ಏನು ಮಾಡುತ್ತಿದ್ದರು? ನೊಗವನ್ನು ಈಸಿನ (ನೇಗಿಲಿನಿಂದ ನೊಗದ ತನಕ ಬರುವ ಉದ್ದನೆಯ ಮರ) ಮೇಲೆ ಮುಂದಕ್ಕೆ ಸರಿಸಿ ಕಟ್ಟುತ್ತಿದ್ದರು. ನೇಗಿಲಿಗೂ ನೊಗಕ್ಕೂ ನಡುವೆ ಉದ್ದ ಹೆಚ್ಚಿದಷ್ಟು ಎಳೆತ ನೆಲದ ಕಡೆಗೆ ಮಲಗುತ್ತದೆ, ಗುಳ ಒಳಗೆ ಇಳಿಯುತ್ತದೆ. ನೊಗ ಹಿಂದಕ್ಕೆ ತಂದರೆ ಎತ್ತಿನ ಹೆಗಲು ನೇಗಿಲನ್ನು ಮೇಲಕ್ಕೆ ಎಳೆಯುತ್ತದೆ, ಅದು ನೆಲವನ್ನು ಮೇಲೆ ಮೇಲೆ ಕೆರೆದುಕೊಂಡು ಹೋಗುತ್ತದೆ. ನಿಮ್ಮ ಬೋಟಿನ ಮೂತಿಯೇ ಎತ್ತಿನ ಹೆಗಲು. ಹಗ್ಗ ಈಸು. ನೀವು ನೊಗವನ್ನು ನೇಗಿಲಿನ ತಲೆಯ ಮೇಲೇ ಕಟ್ಟಿದ್ದಿರಿ.

ಹಗ್ಗ ಬಿಗಿಯಾಗಿ ನೆಟ್ಟಗೆ ನಿಂತಾಗ ನೆಲಕ್ಕೂ ಅದಕ್ಕೂ ಇರುವ ಕೋನ ಹೀಗೆ ಬರುತ್ತದೆ: ಮೂರು ಪಟ್ಟು ಬಿಟ್ಟರೆ 19 ಡಿಗ್ರಿ ದಾಟುತ್ತದೆ, ಐದು ಪಟ್ಟಿಗೆ ಹನ್ನೊಂದೂವರೆ, ಏಳು ಪಟ್ಟಿಗೆ 8ರ ಹತ್ತಿರ. ನಿಮ್ಮದು 25 ದಾಟಿತ್ತು. ಅದು ಲಂಗರನ್ನು ನೆಲದಲ್ಲಿ ಹೂಳುವ ಎಳೆತ ಅಲ್ಲ, ಕಿತ್ತು ತೆಗೆಯುವ ಎಳೆತ. ಹಗ್ಗವೇ ಜಾಸ್ತಿ ಇರುವ ಬೋಟಿಗೆ ಏಳು ಪಟ್ಟು ಬಿಡಬೇಕು, ಪೂರ್ತಿ ಚೈನಿದ್ದರೆ ಐದು, ಬಿರುಗಾಳಿಯ ಸೂಚನೆ ಇದ್ದರೆ ಜಾಗ ಇದ್ದಷ್ಟೂ, ಹತ್ತರವರೆಗೆ. ಯಾವಾಗಲೂ ಭರತದ ನೀರಿಗೆ ಲೆಕ್ಕ ಹಾಕಿ, ಈಗ ಕಾಣುವ ನೀರಿಗಲ್ಲ. ಅವತ್ತು ನಿಮಗೆ 45 ಮೀಟರ್ ಬೇಕಿತ್ತು.

ಗಾಳಿಯದ್ದೂ ಒಂದು ಮಾತು. ಗಾಳಿಯ ವೇಗ ಎರಡು ಪಟ್ಟಾದರೆ ಬೋಟಿನ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. 10 ನಾಟ್ ಗಾಳಿಯಲ್ಲಿ ನಿಂತ ಬೋಟು 20ರಲ್ಲೂ ನಿಲ್ಲುತ್ತದೆ ಅಂತ ಹೇಳೋಕಾಗಲ್ಲ. ಕಾರವಾರದ ಕಡೆ ಬೇಸಿಗೆ ಮುಗಿಯುವ ತನಕ ಮಧ್ಯಾಹ್ನದ ವಾಯವ್ಯ ಗಾಳಿ ದಿನಾ ಬರುವಂಥದ್ದು, ಅದನ್ನು ಮನಸ್ಸಲ್ಲಿ ಇಟ್ಟುಕೊಂಡೇ ಬೆಳಗ್ಗೆ ಜಾಗ ಹುಡುಕಬೇಕು.

ಹರಿಗೋಲು_ಯಾದಗಿರಿ

ನಮ್ಮದು ಸಮುದ್ರ ಅಲ್ಲ. ನಾರಾಯಣಪುರ ಅಣೆಕಟ್ಟಿನ ಹಿನ್ನೀರು, ಕೃಷ್ಣಾ ನದಿ. ಮನೆಯವರು ಮೊದಲಿಂದ ಹರಿಗೋಲಿನಲ್ಲಿ ಮೀನು ಹಿಡಿಯುವವರು. ನಾವು ಕಲ್ಲೇ ಕಟ್ಟುತ್ತೇವೆ. ಹರಿಗೋಲು ಹಗುರ, ಗಾಳಿಗೆ ಸಿಗುವ ಮೈ ಕಡಿಮೆ, ಕಲ್ಲು ಸಾಕಾಗುತ್ತದೆ. ಆದರೆ 'ಭಾರ ಇದ್ದರೆ ಅಲ್ಲಾಡಲ್ಲ' ಅನ್ನುವ ಮಾತಿಗೆ ಒಂದು ವಿಷಯ ಹೇಳಬೇಕು ಅನಿಸಿತು. ಕಲ್ಲು ನೀರಿಗೆ ಇಳಿದ ಮೇಲೆ ಹಗುರ ಆಗುತ್ತದೆ, ಕೈಗೇ ಗೊತ್ತಾಗುತ್ತದೆ. ದಡದಲ್ಲಿ 10 ಕೆ.ಜಿ. ಇದ್ದ ಕಲ್ಲು ನೀರಿನಲ್ಲಿ 6 ಕೆ.ಜಿ. ಸುಮಾರು. ಕಬ್ಬಿಣ ಅಷ್ಟು ಕಳೆದುಕೊಳ್ಳುವುದಿಲ್ಲ, 10ಕ್ಕೆ ಎಂಟೂವರೆ ಮೇಲೆ ಉಳಿಯುತ್ತದೆ. ಅಷ್ಟಿದ್ದರೂ ಬರೀ ಭಾರದಿಂದ ಎರಡೂವರೆ ಟನ್ ಬೋಟು ನಿಲ್ಲಿಸಬೇಕು ಅಂದರೆ ಬೋಟಿನ ತುಂಬ ಕಲ್ಲು ಹೊರಬೇಕಾಗುತ್ತದೆ. ನೆಲದಲ್ಲಿ ಹೂತುಕೊಂಡರೆ ಮಾತ್ರ ಸಣ್ಣ ಲಂಗರೂ ತನ್ನ ತೂಕದ ಎಷ್ಟೋ ಪಟ್ಟು ಹಿಡಿಯುತ್ತದೆ.

ನೀವು ತಳ ಯಾವುದು ಅಂತ ಬರೆದೇ ಇಲ್ಲ ನೋಡಿ. ನಮ್ಮಲ್ಲಿ ಮೊದಲು ಅದನ್ನೇ ಕೇಳುತ್ತಾರೆ. ನೀರು ಕಡಿಮೆ ಇರುವ ಕಡೆ ಬಿದಿರಿನ ಗಳ ಇಳಿಸಿ ತಟ್ಟುತ್ತೇವೆ. ಟಕ್ ಅಂದರೆ ಪರಸಿ ಕಲ್ಲು, ಅಲ್ಲಿ ಯಾವುದೂ ಹೂತುಕೊಳ್ಳಲ್ಲ, ಬಿರುಕಿಗೆ ಸಿಕ್ಕಿದರೆ ಬಿಡಿಸೋಕಾಗಲ್ಲ. ಸದ್ದಿಲ್ಲದೆ ಇಳಿದು, ಎತ್ತುವಾಗ ಗಳವನ್ನು ಹಿಡಿದುಕೊಂಡರೆ ಕರಿಮಣ್ಣಿನ ಕೆಸರು. ಕರಕರ ಅಂದರೆ ಮರಳು. ನಿಮ್ಮ ಲಂಗರಿನ ದಂಡ ಕಲ್ಲಿಗೆ ಸಿಕ್ಕಿ ಬಾಗಿತು ಅಂದಿರಲ್ಲ, ಜಾರುತ್ತಾ ಕಲ್ಲಿನ ತಳಕ್ಕೆ ಬಂದಿರಬೇಕು. ಅಲ್ಲಿ ಸಿಕ್ಕಿದ್ದರಿಂದಲೇ ದಡಕ್ಕೆ ಹೋಗದೆ ನಿಂತಿರೋ ಏನೋ.

ಹಳೆ_ನಾವಿಕ_ಬೀದರ್

ಯಾದಗಿರಿಯವರು ಸರಿಯಾಗಿ ಹಿಡಿದರು, ನಾನು ಕೇಳಲು ಮರೆತೆ. ನಾಲ್ಕು ಮೀಟರ್ ದಾಟಿದ ಮೇಲೆ ಗಳ ಸಾಲದು. ಹಳೇ ಕಾಲದಿಂದ ಬಂದ ಒಂದು ಉಪಾಯ ಇದೆ. ಆಳ ಅಳೆಯುವ ಸೀಸದ ಗುಂಡಿನ ಬುಡದಲ್ಲಿ ಸಣ್ಣ ಗುಳಿ ಇರುತ್ತದೆ, ಅದಕ್ಕೆ ಗ್ರೀಸೋ ಮೇಣವೋ ಮೆತ್ತಿ ಇಳಿಸಿ. ಮೇಲೆ ಬಂದಾಗ ಮರಳು, ಕೆಸರು, ಚಿಪ್ಪಿನ ಚೂರು ಏನಿದೆಯೋ ಅದು ಅಂಟಿಕೊಂಡಿರುತ್ತದೆ. ಏನೂ ಅಂಟದೆ ಬಂದರೆ ಕಲ್ಲು.

ಭಾಲ್ಕಿ_ಹಾಯಿ

ಹುಟ್ಟಿದ್ದು ಭಾಲ್ಕಿಯಲ್ಲಿ, ಎಂಟು ವರ್ಷದಿಂದ ಗೋವಾದಲ್ಲಿ ಬೋಟುಗಳ ಕೆಲಸ. ಯಾವ ಲಂಗರು ಅನ್ನುವುದಕ್ಕೆ ನಾನು ಹೇಳುತ್ತೇನೆ, ಏಕೆಂದರೆ ಹಗ್ಗ ಉದ್ದ ಬಿಟ್ಟರೂ ಲಂಗರಿನ ಆಕಾರ ತಪ್ಪಾದರೆ ಕಷ್ಟ ತಪ್ಪಿದ್ದಲ್ಲ.

ನಿಮ್ಮ ಹಳೆಯ ನೇಗಿಲು ಮಾದರಿಗೆ ಒಳ್ಳೆಯ ಇತಿಹಾಸ ಇದೆ. ಕೇಂಬ್ರಿಜ್‌ನ ವಿಜ್ಞಾನಿ ಜಿ. ಐ. ಟೇಲರ್ 1933ರಲ್ಲಿ ಅದಕ್ಕೆ ಪೇಟೆಂಟ್ ತೆಗೆದುಕೊಂಡದ್ದು, ಅವರು ಸ್ವತಃ ಹಾಯಿ ಬೋಟು ನಡೆಸುತ್ತಿದ್ದವರು. ಸಿಕ್ಯೂಆರ್ ಅಂತ ಹೆಸರು, ಇಂಗ್ಲಿಷಿನಲ್ಲಿ ಜೋರಾಗಿ ಓದಿದರೆ 'ಸೆಕ್ಯೂರ್' ಅಂತ ಕೇಳಿಸುತ್ತದೆ. ಅದಕ್ಕೂ ಮೊದಲಿನ ಅಡ್ಡದಂಡದ ಲಂಗರುಗಳಿಗೆ ಹೋಲಿಸಿದರೆ ಅದು ದೊಡ್ಡ ಹೆಜ್ಜೆ. ಆದರೆ ಗಟ್ಟಿ ಮರಳಿನಲ್ಲಿ ಪಕ್ಕಕ್ಕೆ ಮಲಗಿ ಎಳೆದುಕೊಂಡು ಬರುವುದು ಉಂಟು. ಹೊಲಕ್ಕೆ ಉಳುವ ನೇಗಿಲು ಬೇಕು, ನಮಗೆ ಹೂತು ನಿಲ್ಲುವ ನೇಗಿಲು ಬೇಕು, ಅಲ್ವಾ?

ಎರಡು ಚಪ್ಪಟೆ ರೆಕ್ಕೆಯ ಡ್ಯಾನ್‌ಫೋರ್ತ್ ಮಾದರಿ ಎರಡನೇ ಮಹಾಯುದ್ಧದ ಕಾಲದ್ದು. ದಡಕ್ಕೆ ಹತ್ತಿಸಿದ ಸೈನಿಕ ದೋಣಿಗಳು ಅದರ ಆಸರೆಯಿಂದ ತಮ್ಮನ್ನು ತಾವೇ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದವು. ಮರಳು, ಕೆಸರು ಎರಡರಲ್ಲೂ ತೂಕಕ್ಕೆ ಮೀರಿ ಹಿಡಿಯುತ್ತದೆ. ಅದರ ದೋಷ ಒಂದೇ, ಎಳೆತದ ದಿಕ್ಕು ತಿರುಗಿದಾಗ ಕಿತ್ತು ಬಂದರೆ ಮತ್ತೆ ಕಚ್ಚಿಕೊಳ್ಳುತ್ತದೆ ಅಂತ ನಂಬಲಾಗದು, ನಡುವೆ ಒಂದು ಕಲ್ಲೋ ಚಿಪ್ಪೋ ಸಿಕ್ಕಿದರೆ ರೆಕ್ಕೆ ಮಡಚುವುದೇ ಇಲ್ಲ. ನೀವು ಕಾಳಿ ನದಿಯ ಬಾಯಿಯ ಕಡೆ ನಿಲ್ಲಿಸಿದರೆ ಸುಮಾರು ಆರು ಗಂಟೆಗೊಮ್ಮೆ ಹರಿವು ತಿರುಗುತ್ತದೆ. ಹೊರಗೆ ಕೊಲ್ಲಿಯಲ್ಲಿ ನಿಂತರೂ ಹಗಲು ಸಮುದ್ರದ ಗಾಳಿ, ರಾತ್ರಿ ಘಟ್ಟದ ಕಡೆಯಿಂದ ನೆಲದ ಗಾಳಿ. ಬೋಟು ರಾತ್ರೋರಾತ್ರಿ ಪೂರ್ತಿ ಮುಖ ತಿರುಗಿಸುತ್ತದೆ. ನಿಮಗೆ ಬೇಕಾದದ್ದು ತಿರುಗಿದಾಗ ತಾನೇ ಮತ್ತೆ ಹೂತುಕೊಳ್ಳುವ ಲಂಗರು.

ಅದಕ್ಕೆ ಹೊಸ ಮಾದರಿಗಳು ಬೇಕು. ಸಲಿಕೆಯಂತೆ ಒಳಗೆ ತಗ್ಗಾದ ಅಲಗು, ಚೂಪು ತುದಿ, ಕೆಲವಕ್ಕೆ ಮೇಲೆ ಕಮಾನಿನ ಹಾಗೆ ಒಂದು ಕಂಬಿ. ಹೇಗೆ ಬಿದ್ದರೂ ಆ ಕಂಬಿ ಅದನ್ನು ಹೊರಳಿಸಿ ತುದಿಯನ್ನು ನೆಲಕ್ಕೆ ತಾಗಿಸುತ್ತದೆ. ನ್ಯೂಜಿಲೆಂಡಿನ ಪೀಟರ್ ಸ್ಮಿತ್ ಮಾಡಿದ ರೋಕ್ನಾ ಅಂಥದ್ದು. ಫ್ರಾನ್ಸಿನ ಅಲೇನ್ ಪೊಯಿರೋ ಅವರ ಸ್ಪೇಡ್‌ಗೆ ಕಂಬಿ ಇಲ್ಲ, ತುದಿಯಲ್ಲಿ ಸೀಸದ ಭಾರ ಇದೆ. ನಿಮ್ಮ ಬೋಟಿಗೆ ಈ ಜಾತಿಯದ್ದು 10 ಕೆ.ಜಿ. ಸಾಕು. 20 ಬೇಡ. ಎತ್ತುವುದಕ್ಕೆ ಬೇಸರ ಆಗುವ ಲಂಗರಿದ್ದರೆ, ಜಾಗ ಸರಿ ಇಲ್ಲ ಅನಿಸಿದಾಗಲೂ 'ಇರಲಿ ಬಿಡು' ಅನಿಸಿಬಿಡುತ್ತದೆ. ನನಗೆ ಅದು ಅನುಭವಕ್ಕೆ ಬಂದಿದೆ.

ಉಳಿಸಿದ ದುಡ್ಡನ್ನು ಚೈನಿಗೆ ಹಾಕಿ. ಎರಡು ಮೀಟರ್ ಚೈನು ಏನೇನೂ ಸಾಲದು. 8 ಮಿ.ಮೀ. ಚೈನು 10ರಿಂದ 15 ಮೀಟರ್ ಹಾಕಿ. ಮೀಟರಿಗೆ ಸುಮಾರು ಒಂದೂವರೆ ಕೆ.ಜಿ. ತೂಗುತ್ತದೆ, ನೆಲದ ಮೇಲೆ ಮಲಗಿ ಎಳೆತವನ್ನು ಕೆಳಗೇ ಇಡುತ್ತದೆ, ಕಲ್ಲಿಗೆ ಉಜ್ಜಿ ಹಗ್ಗ ಸವೆಯುವುದೂ ತಪ್ಪುತ್ತದೆ. ಗಾಳಿ ಜೋರಾದಾಗ ಚೈನೂ ಬಿಗಿಯಾಗಿ ನೆಟ್ಟಗಾಗುತ್ತದೆ, ಆದ್ದರಿಂದ ನಾವಿಕರು ಹೇಳಿದ ಉದ್ದದ ಲೆಕ್ಕ ಬಿಡುವ ಹಾಗಿಲ್ಲ. ಅದರ ಹಿಂದೆ 12 ಅಥವಾ 14 ಮಿ.ಮೀ. ನೈಲಾನ್ ಹಗ್ಗ, 50 ಮೀಟರ್. ನೈಲಾನೇ ಆಗಬೇಕು, ಅದು ಹಿಗ್ಗುತ್ತದೆ, ಅಲೆಯ ಹೊಡೆತವನ್ನು ತಾನು ತಿನ್ನುತ್ತದೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ನೀಲಿ ಪಾಲಿಪ್ರಾಪಿಲಿನ್ ಹಗ್ಗ ಬೇಡ. ಅದು ತೇಲುತ್ತದೆ, ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ, ಬಿಸಿಲಿಗೆ ಪುಡಿಯಾಗುತ್ತದೆ. ಹಗ್ಗ ಬೋಟಿನ ಅಂಚಿಗೆ ಉಜ್ಜುವ ಕಡೆ ಹಳೆಯ ನೀರಿನ ಪೈಪಿನ ತುಂಡು ಸೀಳಿ ಹಾಕಿ. ಲಂಗರಿಗೆ ಚೈನು ಸೇರಿಸುವ ಶ್ಯಾಕಲ್ (U ಆಕಾರದ ಕೊಂಡಿ) ತಿರುಪಿದ ಮೇಲೆ ಅದರ ಪಿನ್ನಿಗೆ ತಂತಿ ಸುತ್ತಿ ಬಿಗಿಯಿರಿ, ಇಲ್ಲದಿದ್ದರೆ ಬೋಟು ತಿರುಗಿ ತಿರುಗಿ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಐದೈದು ಮೀಟರಿಗೆ ಒಂದೊಂದು ಬಣ್ಣದ ದಾರ ಕಟ್ಟಿ, ಎಷ್ಟು ಬಿಟ್ಟಿದ್ದೀರಿ ಅಂತ ಅಂದಾಜು ಹಾಕೋದು ಬೇಡ.

ಎರಡನೇ ಲಂಗರೂ ಒಂದು ಇರಲಿ. ಅಲ್ಯುಮಿನಿಯಂನ ಡ್ಯಾನ್‌ಫೋರ್ತ್ ಮಾದರಿ, 3-4 ಕೆ.ಜಿ. ಮೊದಲನೆಯದು ಕಳೆದರೆ ಕೈ ಖಾಲಿ ಇರಬಾರದು.

ಕರಿಮಣ್ಣು_ಕಲಬುರಗಿ

ಎರಡು ವಾರ ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಈಸು, ನೊಗದ ಮಾತು ಅಪ್ಪನಿಗೆ ಓದಿ ಹೇಳಿದೆ. ಅವರು ಎರಡು ನಿಮಿಷ ಸುಮ್ಮನಿದ್ದು, ನೊಗ ಎಲ್ಲಿ ಕಟ್ಟಬೇಕು ಅಂತ ಈಸಿಗೆ ತೂತು ಹಾಕಿರುತ್ತಿದ್ದರು, ಒಂದು ತೂತು ತಪ್ಪಿದರೂ ಎತ್ತು ಹೇಳುತ್ತಿತ್ತು ಅಂದರು. ಆಮೇಲೆ ಅವರೇ, ನಡಿ ನೋಡೋಣ ಅಂತ ಎಬ್ಬಿಸಿದರು.

ಭಾನುವಾರ ಬಾಗಿದ ಲಂಗರು, ಹಗ್ಗ ಜೀಪಿಗೆ ಹಾಕಿಕೊಂಡು ದೇವಲಗಾಣಗಾಪುರಕ್ಕೆ ಹೋದೆವು. ಭೀಮಾ ಮತ್ತು ಅಮರಜಾ ಸೇರುವ ಸಂಗಮದಿಂದ ಆಚೆ, ಸ್ನಾನದ ಜನ ಇಲ್ಲದ ಕಡೆ ಈಗ ಒದ್ದೆ ಮರಳು ತೆರೆದುಕೊಂಡಿದೆ. ಲಂಗರನ್ನು ಮರಳಿನ ಮೇಲಿಟ್ಟು ಮೂರು ಮೀಟರ್ ದೂರದಿಂದ ಹಗ್ಗವನ್ನು ಹೆಗಲ ಮೇಲೆ ಹಾಕಿ ಇಬ್ಬರು ಎಳೆದೆವು. ತುದಿ ಬರೀ ಗೀರು ಎಳೆದುಕೊಂಡು ಹಿಂದೆಯೇ ಬಂತು, ನಾಯಿಮರಿ ಬಂದ ಹಾಗೆ. ಹತ್ತು ಮೀಟರ್ ದೂರ ಹೋಗಿ ಅದೇ ಹೆಗಲಲ್ಲಿ ಎಳೆದೆವು. ಎರಡು ಹೆಜ್ಜೆಗೆ ತುದಿ ಬಗ್ಗಿತು, ಐದನೇ ಹೆಜ್ಜೆಗೆ ಅರ್ಧ ಅಲಗು ಮರಳಲ್ಲಿ ಇತ್ತು, ಆಮೇಲೆ ನಮ್ಮ ಕಾಲೇ ಜಾರಿತು. ಅದೇ ಲಂಗರು, ಅದೇ ಮರಳು, ಅದೇ ಇಬ್ಬರು. ಇನ್ನೂ ಜೋರಾಗಿ ಎಳೆಯೋಕೆ ಇನ್ನೊಬ್ಬರು ಸೇರಿದರು. ಆಗ ಬಾಗಿದ ದಂಡ ತನ್ನ ಕೆಲಸ ತೋರಿಸಿತು, ಲಂಗರು ಒಂದು ಕಡೆಗೆ ವಾಲಿ, ಹೊರಳಿ, ಮೇಲೆ ಬಂದುಬಿಟ್ಟಿತು. ಮೂರು ಸಲವೂ ಹಾಗೇ ಆಯಿತು. ವೆಲ್ಡಿಂಗ್ ಅಂಗಡಿಯ ಯೋಚನೆ ಅಲ್ಲಿಗೇ ಬಿಟ್ಟೆ.

10 ಕೆ.ಜಿ.ಯ ಹೊಸದು, ಚೈನು, ನೈಲಾನ್ ಎಲ್ಲ ತರಿಸೋಕೆ ಹೇಳಿದ್ದೇವೆ. ರಾತ್ರಿಯ ಪ್ರಶ್ನೆ ಉಳಿದಿದೆ. ಕೂರ್ಮಗಡ ದ್ವೀಪದ ಮರೆಯಲ್ಲಿ ಒಂದು ರಾತ್ರಿ ನಿಲ್ಲಬೇಕು ಅಂತ ಆಸೆ.

ಹಳೆ_ನಾವಿಕ_ಬೀದರ್

ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಒಂದು ತೂತು ತಪ್ಪಿದರೂ ಎತ್ತು ಹೇಳುತ್ತಿತ್ತು ಅನ್ನುವ ಮಾತನ್ನು ನಾನು ಇಟ್ಟುಕೊಳ್ಳುತ್ತೇನೆ.

ರಾತ್ರಿಯ ನಿದ್ದೆ ಸಂಜೆ ಲಂಗರು ಬಿಡುವಾಗಲೇ ನಿರ್ಧಾರ ಆಗುತ್ತದೆ. ಬೆಳಕಿರುವಾಗಲೇ ಹೋಗಿ. ಗಾಳಿಗೆ ಎದುರಾಗಿ ಬೋಟು ಪೂರ್ತಿ ನಿಲ್ಲಲಿ, ಆಮೇಲೆ ಲಂಗರನ್ನು ಇಳಿಸಿ. ಎಸೆಯಬೇಡಿ, ಎಸೆದರೆ ಚೈನು ಅದರ ಮೇಲೇ ಗುಪ್ಪೆ ಬಿದ್ದು ಸುತ್ತಿಕೊಳ್ಳುತ್ತದೆ. ತಳ ಮುಟ್ಟಿದ್ದು ಕೈಗೆ ಗೊತ್ತಾದ ಮೇಲೆ ಬೋಟನ್ನು ಗಾಳಿಗೆ ಬಿಟ್ಟು ಹಿಂದೆ ಹೋಗುತ್ತಾ ಹೋಗುತ್ತಾ ಹಗ್ಗ ಬಿಡಿ. ಪೂರ್ತಿ ಬಿಟ್ಟು ಕಟ್ಟಿದ ಮೇಲೆ ಎಂಜಿನ್ ರಿವರ್ಸ್ ಹಾಕಿ. ಮೊದಲು ಮೆಲ್ಲಗೆ, ಆಮೇಲೆ ಏರಿಸಿ ಒಂದು ನಿಮಿಷ ಹಿಡಿದಿಡಿ. ಅಷ್ಟು ಹೊತ್ತು ಒಬ್ಬರು ಮೂತಿಯಲ್ಲಿ ಕೂತು ಹಗ್ಗದ ಮೇಲೆ ಅಂಗೈ ಇಟ್ಟಿರಬೇಕು. ಜಾರುತ್ತಿದ್ದರೆ ಗಾಡಿ ಕಲ್ಲು ದಾರಿಯಲ್ಲಿ ಹೋಗುವ ಹಾಗೆ ಗಡಗಡ ಅನ್ನುತ್ತದೆ. ಹಿಡಿದಿದ್ದರೆ ಬಿಗಿ ಮಾತ್ರ, ನಡುಕ ಇಲ್ಲ. ಇನ್ನೊಬ್ಬರು ಪಕ್ಕಕ್ಕೆ ದಡ ನೋಡಬೇಕು. ಹತ್ತಿರದ ಒಂದು ಮರ, ಅದರ ಹಿಂದೆ ದೂರದ ಒಂದು ಗುಡ್ಡದ ತುದಿ, ಎರಡನ್ನೂ ಒಂದೇ ಗೆರೆಯಲ್ಲಿ ಹಿಡಿಯಿರಿ. ಗೆರೆ ಕೆಡದಿದ್ದರೆ ಬೋಟು ನಿಂತಿದೆ. ಕೆಟ್ಟರೆ ಎತ್ತಿ ಮತ್ತೆ ಬಿಡಿ, ಮೂರು ಸಲ ಆದರೂ ಸರಿ.

ಸುತ್ತ ಎಷ್ಟು ಜಾಗ ಬೇಕು ಅನ್ನೋದನ್ನೂ ನೋಡಿ. 45 ಮೀಟರ್ ಬಿಟ್ಟರೆ ಬೋಟಿನ ಉದ್ದ ಸೇರಿ 53 ಮೀಟರ್ ತ್ರಿಜ್ಯದ ಸುತ್ತು. ನೆಲದ ಗಾಳಿ ಬಂದಾಗ ನೀವು ಆಚೆ ಬದಿಗೆ ಹೋಗಿ ನಿಂತಿರುತ್ತೀರಿ, ಆ ಬದಿಯಲ್ಲಿ ಬಂಡೆ ಇದೆಯಾ, ಮೀನುಗಾರರ ಬೋಟು ಇದೆಯಾ ಅಂತ ಸಂಜೆಯೇ ನೋಡಿಕೊಳ್ಳಿ. ಹಗಲಲ್ಲಿ ಮುಂದೆ ಒಂದು ಕಪ್ಪು ಚೆಂಡು, ರಾತ್ರಿ ಸುತ್ತಲೂ ಕಾಣುವ ಒಂದು ಬಿಳಿ ದೀಪ, ಇದು ಅಂತರರಾಷ್ಟ್ರೀಯ ನಿಯಮ. ಮುಂಜಾವಿನ ಕತ್ತಲಲ್ಲಿ ಮೀನಿಗೆ ಹೊರಡುವವರು ನಿಮ್ಮನ್ನು ಅದರಿಂದಲೇ ಕಾಣಬೇಕು. ಅಂಜದೀವ ದ್ವೀಪದ ಕಡೆ ನೌಕಾಪಡೆಯ ಜಾಗ, ಅಲ್ಲಿಗೆ ಹೋಗಲೇಬೇಡಿ.

ಮೊಬೈಲಿನಲ್ಲಿ ಲಂಗರು ಅಲಾರಂ ಆ್ಯಪ್‌ಗಳಿವೆ, ಒಳ್ಳೆಯವು. ಆದರೆ ಲಂಗರು ತಳ ಮುಟ್ಟಿದ ಕ್ಷಣದಲ್ಲೇ, ಮೂತಿಯಲ್ಲಿ ನಿಂತು ಗುರುತು ಒತ್ತಿ. ಹಿಂದೆ ಸರಿದು ನಿಂತ ಮೇಲೆ ಒತ್ತಿದರೆ ಸುತ್ತಿನ ನಡು ತಪ್ಪುತ್ತದೆ, ಗಾಳಿ ತಿರುಗಿದ ಕೂಡಲೇ ಸುಮ್ನೆ ಕೂಗುತ್ತದೆ, ಎರಡು ಸಲ ಹಾಗಾದರೆ ಮೂರನೇ ಸಲ ನೀವೇ ಆರಿಸಿಬಿಡುತ್ತೀರಿ. ನಿಜವಾಗಿ ಜಾರಿದರೆ ಮೊದಲು ಎಂಜಿನ್ ಶುರು ಮಾಡಿ, ಹಿಂದೆ ಜಾಗ ಇದ್ದರೆ ಇನ್ನಷ್ಟು ಹಗ್ಗ ಬಿಡಿ. ಎಷ್ಟೋ ಸಲ ಅಷ್ಟಕ್ಕೇ ಹಿಡಿದುಕೊಳ್ಳುತ್ತದೆ.

ಇನ್ನೊಂದು, ಇದನ್ನು ಇವತ್ತೇ ನೋಡಿಸಿ. ಹಗ್ಗದ ಒಳಗಿನ ಕೊನೆ ಬೋಟಿಗೆ ಕಟ್ಟಿದೆಯಾ? ಬೋಟಿನ ಒಳಗಿನ ಗಟ್ಟಿ ಬಳೆಗೆ, ಒಂದು ತೆಳು ದಾರವನ್ನು ನಾಲ್ಕೈದು ಸುತ್ತು ಹಾಕಿ ಕಟ್ಟಿರಬೇಕು. ತುರ್ತಿದ್ದಾಗ ಚಾಕುವಿನಿಂದ ಕತ್ತರಿಸಿ ಲಂಗರು ಬಿಟ್ಟು ಹೋಗುವ ಹಾಗೆ ಇರಬೇಕು.

ಕರಿಮಣ್ಣು_ಕಲಬುರಗಿ

ಗೆಳೆಯ ಈ ವಾರ ಕಾರವಾರದಲ್ಲೇ ಇದ್ದಾನೆ. ನಿಮ್ಮ ಮಾತು ಓದಿದ ಕೂಡಲೇ ಫೋನ್ ಮಾಡಿ ಮುಂದಿನ ಡಬ್ಬಿ ತೆಗೆದು ನೋಡು ಅಂದೆ. ಈಗಷ್ಟೇ ವಾಪಸ್ ಮಾಡಿದ. ಹಗ್ಗ ಸುರುಳಿ ಸುತ್ತಿ ಇಟ್ಟಿದ್ದು ಹಾಗೇ ಇದೆ, ಅದರ ಕೊನೆ ಯಾವುದಕ್ಕೂ ಕಟ್ಟಿಲ್ಲ. ಒಂದೂವರೆ ವರ್ಷ ಹಾಗೇ ಇತ್ತು. ಅವನು ಅಲ್ಲೇ ಕೂತು ಕಟ್ಟುತ್ತಿದ್ದಾನೆ.